"ನಾಳೆ ಬಾ" ಅನ್ನುವ ಮೇಲ್ ಸರ್ವರ್

ಹಿಂದೆಲ್ಲ ಊರಲ್ಲಿ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದಿರುತ್ತಿದ್ದರಲ್ಲ, ನೆನಪಿದೆಯಾ? ರಾತ್ರಿ ಬಂದ ದೆವ್ವ ಅದನ್ನು ಓದಿಕೊಂಡು ವಾಪಸ್ ಹೋಗಬೇಕು, ಮರುದಿನ ಬಂದರೆ ಮತ್ತೆ ಅದೇ ಬರಹ! ಮೇಲ್ ಸರ್ವರ್‌ಗಳಿಗೂ ಈ ಅಭ್ಯಾಸ ಇದೆ. ಅವು ಬಾಯಲ್ಲಿ ಹೇಳುವುದಿಲ್ಲ, ನಂಬರಿನಲ್ಲಿ ಹೇಳುತ್ತವೆ. 451 ಅಂದರೆ "ಈಗ ಆಗಲ್ಲ, ಆಮೇಲೆ ಬಾ". 5ರಿಂದ ಶುರುವಾದರೆ "ಬರಲೇಬೇಡ". 250 ಅಂದರೆ ಮಾತ್ರ "ಸರಿ, ಇನ್ನು ಇದು ನನ್ನ ಜವಾಬ್ದಾರಿ".

ದೆವ್ವದ ಹಾಗಲ್ಲ, ಮರ್ಯಾದಸ್ಥ ಸರ್ವರ್ ಮತ್ತೆ ಮತ್ತೆ ಬಂದು ಬಾಗಿಲು ತಟ್ಟುತ್ತದೆ. ಪೋಸ್ಟ್‌ಫಿಕ್ಸ್ ಅಂತೂ ಡಿಫಾಲ್ಟ್ ಆಗಿ 5 ದಿನ ಬಿಡುವುದಿಲ್ಲ. ಹಾಗಾಗಿ ಮೇಲ್ ಕಳೆದುಹೋಗುವುದು ಅಪರೂಪ, ತಡವಾಗುವುದು ಮಾಮೂಲು. ಆದರೆ ಕೆಲವೊಮ್ಮೆ ತಡವಾದದ್ದೂ ಕಳೆದುಹೋದದ್ದೂ ಒಂದೇ ಆಗಿಬಿಡುತ್ತದೆ ನೋಡಿ.

ನಾನು ಬಿಡುವಿನಲ್ಲಿ ನೋಡಿಕೊಳ್ಳುವ ಒಂದು ಪುಟ್ಟ ಟ್ರಸ್ಟ್‌ನ ಸರ್ವರ್ ಇದೆ. 2 ಜಿಬಿ ಮೆಮೊರಿ ಅಷ್ಟೇ. ಅವರು ಬಡ ವಿದ್ಯಾರ್ಥಿಗಳಿಗೆ ಸ್ಕಾಲರ್‌ಶಿಪ್ ಕೊಡುತ್ತಾರೆ, ಅರ್ಜಿ ಮೇಲ್‌ನಲ್ಲಿ ಬರಬೇಕು, ಕೊನೆಯ ದಿನ ಸಂಜೆ 5ರೊಳಗೆ. ಮಾರನೇ ದಿನ ಅಧ್ಯಕ್ಷರ ಫೋನ್ ಬಂತು. "ಏನಪ್ಪಾ, ಒಬ್ಬ ಹುಡುಗಿ ನಾಲ್ಕೂವರೆಗೇ ಕಳಿಸಿದ್ದೆ ಅಂತಾಳೆ. ಇಲ್ಲಿ 5.24 ತೋರಿಸ್ತಿದೆ. ತೆಗೆದುಹಾಕೋದಾ?"

"ಒಂದು ಗಂಟೆ ಸಮಯ ಕೊಡಿ ಸಾರ್" ಅಂದೆ.

ಮೊದಲು ಕ್ಯೂ ನೋಡಿದೆ, ಖಾಲಿ! ಅಂದರೆ ಮೇಲ್ ನಮ್ಮ ಹತ್ತಿರ ಬಂದು ಕೂತಿದ್ದಲ್ಲ, ಕಳಿಸಿದವರ ಕಡೆಯೇ ಕಾಯುತ್ತಾ ಇದ್ದದ್ದು. ಲಾಗ್ ತೆಗೆದೆ. ಹುಡುಗಿಯ ವಿಳಾಸ ಮೂರು ಸಲ ಇತ್ತು. 4.32ಕ್ಕೆ "ಆಮೇಲೆ ಬಾ". 4.47ಕ್ಕೆ ಮತ್ತೆ "ಆಮೇಲೆ ಬಾ". 5.24ಕ್ಕೆ 250.

ಯಾಕೆ? ಕರ್ನಲ್ ಲಾಗ್‌ನಲ್ಲಿ ಉತ್ತರ ಸಿಕ್ಕಿತು. 4.11ಕ್ಕೆ ಮೆಮೊರಿ ಮುಗಿದು, ಕರ್ನಲ್ಲು ಎಲ್ಲರಿಗಿಂತ ದಪ್ಪಗಿದ್ದ ಪ್ರೋಗ್ರಾಮನ್ನು ಹಿಡಿದು ಕೊಂದಿದೆ. ಅದು ಕ್ಲಾಮ್‌ಎವಿ, ವೈರಸ್ ನೋಡುವ ಕಾವಲುಗಾರ. ಇದರ ವೈರಸ್ ಪಟ್ಟಿಯೊಂದೇ 1 ಜಿಬಿಗೂ ಹೆಚ್ಚು ಮೆಮೊರಿ ನುಂಗುತ್ತದೆ. 2020ರಲ್ಲಿ ಬಂದ 0.103 ಆವೃತ್ತಿಯಿಂದ ಇನ್ನೊಂದು ವಿಶೇಷ: ಹೊಸ ಪಟ್ಟಿ ಬಂದಾಗ ಹಳೆಯದನ್ನು ಇಟ್ಟುಕೊಂಡೇ ಹೊಸದನ್ನೂ ಮೆಮೊರಿಗೆ ತುಂಬಿಕೊಳ್ಳುತ್ತದೆ, ತಪಾಸಣೆ ಒಂದು ಕ್ಷಣವೂ ನಿಲ್ಲಬಾರದು ಅಂತ. ದೊಡ್ಡ ಸರ್ವರ್‌ಗೆ ಒಳ್ಳೆಯದೇ. ನಮ್ಮ 2 ಜಿಬಿ ಬಡಪಾಯಿಗೆ ಎರಡು ಪಟ್ಟಿ ಹೊರುವ ಶಕ್ತಿ ಎಲ್ಲಿಂದ ಬರಬೇಕು?

ಕಾವಲುಗಾರ ಇಲ್ಲದಿದ್ದರೆ ಯಾರನ್ನೂ ಒಳಗೆ ಬಿಡಬೇಡ ಅಂತ ಪೋಸ್ಟ್‌ಫಿಕ್ಸ್‌ಗೆ ನಿಯಮ. ಗಂಟೆಗೊಮ್ಮೆ ಓಡುವ ಒಂದು ಸ್ಕ್ರಿಪ್ಟು 5ಕ್ಕೆ ಸರಿಯಾಗಿ ಕ್ಲಾಮ್‌ಎವಿಯನ್ನು ಮತ್ತೆ ಎಬ್ಬಿಸಿತ್ತು. ಹಾಗಾಗಿ ಯಾರು ಯಾವಾಗ ನೋಡಿದರೂ ಎಲ್ಲ ಸರಿಯಾಗೇ ಕಾಣುತ್ತಿತ್ತು!

ರಿಪೇರಿ ಒಂದೇ ಸಾಲು. ಸಂರಚನೆಯ ಫೈಲಿನಲ್ಲಿ "ಕನ್ಕರೆಂಟ್ ಡೇಟಾಬೇಸ್ ರೀಲೋಡ್" ಅನ್ನುವುದಕ್ಕೆ "ನೋ" ಅಂತ ಬರೆಯುವುದು. ಈಗ ಹಳೆಯ ಪಟ್ಟಿ ಇಳಿಸಿಯೇ ಹೊಸದು ಹತ್ತುತ್ತದೆ, ಅಷ್ಟು ಹೊತ್ತು ಮೇಲ್ ಸ್ವಲ್ಪ ಕಾಯುತ್ತದೆ. ಜೊತೆಗೆ ಒಂದು ಸ್ವಾಪ್ ಫೈಲ್ ಹಾಕಿದೆ. ಪೋಸ್ಟ್‌ಫಿಕ್ಸ್‌ನಲ್ಲಿ 100 ಇದ್ದ ಪ್ರೋಸೆಸ್ ಮಿತಿಯನ್ನು 30ಕ್ಕೆ ಇಳಿಸಿದೆ.

ಅಷ್ಟಕ್ಕೇ ಮುಗಿಸಬಹುದಿತ್ತು. ಆದರೆ 4.11ರಿಂದ 5ರವರೆಗೆ ಬಾಗಿಲಿಗೆ ಬಂದು ಹೋದವರು ಇನ್ಯಾರು ಅಂತ ಲಾಗನ್ನು ಪೂರ್ತಿ ಜಾಲಾಡಿದೆ. ಇನ್ನೂ ಇಬ್ಬರ ಅರ್ಜಿಗಳಿದ್ದವು, ಎರಡೂ ಐದಾದ ಮೇಲೆ ತಲುಪಿದ್ದವು. ಹುಡುಗಿ ಫೋನ್ ಮಾಡಿ ಜಗಳ ಆಡಿದ್ದಳು. ಇವರಿಬ್ಬರು ಫೋನೇ ಮಾಡಿರಲಿಲ್ಲ. ತಡವಾಯಿತೆಂದು ಅವರಿಗೆ ಗೊತ್ತಾಗುವ ದಾರಿಯೂ ಇರಲಿಲ್ಲ, ಗಂಟೆಗಟ್ಟಲೆ ತಡವಾದರೂ ಕಳಿಸಿದವರಿಗೆ ಹೇಳಬೇಕೆಂಬ ಕಡ್ಡಾಯ ಮೇಲ್‌ಗೆ ಇಲ್ಲ.

ಮೂರೂ ಹೆಸರು, ಲಾಗಿನ ಸಾಲುಗಳ ಸಮೇತ ಅಧ್ಯಕ್ಷರಿಗೆ ಕಳಿಸಿದೆ. ಮೂರೂ ಅರ್ಜಿ ಪರಿಶೀಲನೆಗೆ ಹೋದವು. ಸ್ಕಾಲರ್‌ಶಿಪ್ ಯಾರಿಗೆ ಅನ್ನುವುದು ಸಮಿತಿಗೆ ಬಿಟ್ಟದ್ದು, ಗಡುವಿನ ನೆಪದಲ್ಲಿ ಯಾರನ್ನೂ ತಳ್ಳಲಿಲ್ಲ ಅನ್ನುವುದಷ್ಟೇ ನನಗೆ ಸಮಾಧಾನ.

ನೀವೂ ಯಾವುದಾದರೂ ಸ್ಪರ್ಧೆಗೋ ವಿಶೇಷಾಂಕಕ್ಕೋ ಮೇಲ್‌ನಲ್ಲಿ ಬರಹ ಕರೆಯುವವರಾದರೆ ಒಂದು ಮಾತು: ಇನ್‌ಬಾಕ್ಸ್ ತೋರಿಸುವ ಸಮಯವನ್ನೇ ನಂಬಬೇಡಿ. ಮೇಲ್‌ನ ಪೂರ್ತಿ ಹೆಡರ್ ತೆರೆದು "ರಿಸೀವ್ಡ್" ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಿ. ಯಾವ ಬಾಗಿಲಲ್ಲಿ ಎಷ್ಟು ಹೊತ್ತು ನಿಂತಿತ್ತು ಅಂತ ಅಲ್ಲಿ ಬರೆದಿರುತ್ತದೆ. ಎರಡು ನಿಮಿಷದ ಕೆಲಸ ಅಷ್ಟೇ.