ನಮ್ಮ ಮಲ್ಲಿಯ ಸಂಚಾರ

ಬೆಕ್ಕಿನ ವಿಷಯವಾಗಿ ಒಂದು ಲೇಖನವೇ ಎಂದು ಕೆಲವು ವಾಚಕರು ನಕ್ಕಾರು. ಅದೂ ಐಹೊಳೆಯಿಂದ ಬರೆಯುವವನು, ಮೇಗುಟಿಯ ಶಾಸನವನ್ನೂ ದುರ್ಗದ ಗುಡಿಯ ಕಂಬಗಳನ್ನೂ ಬಿಟ್ಟು ಮನೆಯ ಬೆಕ್ಕನ್ನು ಹಿಡಿದುಕೊಂಡು ಕುಳಿತರೆ ನಗು ಬರುವದು ಸಹಜವೇ. ಆದರೆ ಶಾಸನದ ಮೇಲೆ ಬರೆಯುವ ಪಂಡಿತರು ನಾಡಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಮಲ್ಲಿಯ ಮೇಲೆ ಬರೆಯುವವನು ನಾನೊಬ್ಬನೇ.

ಮಲ್ಲಿ ಬೂದಿಬಣ್ಣದ, ಮೈಮೇಲೆ ಪಟ್ಟೆಗಳುಳ್ಳ ಹೆಣ್ಣು ಬೆಕ್ಕು. ನಮ್ಮೂರ ಉತ್ತರಕ್ಕೆ ಹುಚ್ಚಿಮಲ್ಲಿ ಗುಡಿಯೆಂಬ ಪ್ರಾಚೀನ ದೇವಾಲಯವೊಂದಿದೆ. ಮರಿಯಾಗಿದ್ದಾಗಲೇ ಇದರ ನಡತೆಯನ್ನು ಕಂಡ ನಮ್ಮ ಮನೆಯ ಹೆಂಗಸರು ಆ ಗುಡಿಯ ಹೆಸರನ್ನೇ ಇದಕ್ಕೆ ಇಟ್ಟರು. ಕರೆಯುವದಕ್ಕೆ ಉದ್ದವಾಯಿತೆಂದು ಹೆಸರಿನ ಪೂರ್ವಾರ್ಧವನ್ನು ನಾವು ಬಿಟ್ಟೆವು. ಗುಣದ ಪೂರ್ವಾರ್ಧವನ್ನು ಅದು ಬಿಡಲಿಲ್ಲ.

ಬೆಳಗಿನ ಹಾಲಾದ ಕೂಡಲೆ ಮಲ್ಲಿ ಬೆಳಕಿಂಡಿಯಿಂದ ಮಾಳಿಗೆಗೆ ಹತ್ತುವದು. ನಮ್ಮ ಓಣಿಯ ಮಣ್ಣಿನ ಮಾಳಿಗೆಗಳು ಒಂದಕ್ಕೊಂದು ಹೆಗಲು ತಾಗಿಸಿ ನಿಂತಿರುವದರಿಂದ ಅದಕ್ಕೆ ನೆಲವನ್ನು ಮುಟ್ಟದೆಯೇ ಅರ್ಧ ಊರನ್ನು ತಿರುಗಿ ಬರುವ ಅನುಕೂಲವಿದೆ. ಒಬ್ಬರ ಮಾಳಿಗೆಯಲ್ಲಿ ಒಣಹಾಕಿದ ಮೆಣಸಿನಕಾಯಿಯನ್ನು ಮೂಸಿ ಸೀನುವದು, ಇನ್ನೊಬ್ಬರ ದನದ ಕೊಟ್ಟಿಗೆಯಲ್ಲಿ ಇಳಿದು ಇಲಿಯ ಸಮಾಚಾರವನ್ನು ವಿಚಾರಿಸುವದು, ಬಳಿಕ ತಂತಿಬೇಲಿಯನ್ನು ನುಸುಳಿ ದುರ್ಗದ ಗುಡಿಯ ಆವಾರವನ್ನು ಸೇರುವದು. ಪರಸ್ಥಳದವರು ತಿಕೀಟು ಕೊಂಡು ಒಳಗೆ ಬರುವ ಆ ಸ್ಥಳದಲ್ಲಿ ಮಲ್ಲಿ ಬಿಟ್ಟಿಯಾಗಿ ಬಂದು, ಗರ್ಭಗೃಹವನ್ನು ಬಳಸಿದ ಕಂಬಸಾಲಿನ ತಂಪು ಕಲ್ಲಿನ ಮೇಲೆ ಕಾಲು ಚಾಚಿ ಮಲಗುವದು. ಒಮ್ಮೊಮ್ಮೆ ಲಾಡಖಾನ ಗುಡಿಯ ಇಳಿಜಾರು ಕಲ್ಲುಚಾವಣಿಯ ಮೇಲೂ ಅದರ ಬಾಲ ಕಂಡದ್ದುಂಟು.

ಈ ಸಂಚಾರವನ್ನು ನನ್ನ ಮೊಮ್ಮಗನು ಮೊಬೈಲಿನಲ್ಲಿ ಹಿಡಿಯತೊಡಗಿ ಎರಡು ವರ್ಷಗಳಾದವು. ಬೆಕ್ಕಿನ ಹಿಂದೆ ತಾನೂ ಬಾಗಿ, ಏರಿ, ನುಸುಳಿ ಅವನು ತೆಗೆದ ಎರಡೆರಡು ನಿಮಿಷದ ವಿಡಿಯೋಗಳು ಮೊದಲು ಮನೆಯವರ ವಾಟ್ಸಾಪ್ ಬಳಗಕ್ಕೆ ಮಾತ್ರ ಹೋಗುತ್ತಿದ್ದವು. ಬೆಂಗಳೂರಿನ ಮಗ, ಪುಣೆಯ ಸೋದರಸೊಸೆ, ಸೊಲ್ಲಾಪುರದ ನನ್ನ ಅಕ್ಕ, ಇಷ್ಟೇ ಪ್ರೇಕ್ಷಕವರ್ಗ. ಮಗನು ಒಂದು ನಗೆಯ ಗುರುತನ್ನು ಕಳಿಸಿ ಸುಮ್ಮನಾಗುವನು. ಆದರೆ ಒಂದು ಸಂಜೆ ಅಕ್ಕನಿಂದ ಫೋನು ಬಂದಿತು.

"ತಮ್ಮಾ, ಬೆಕ್ಕು ಇರಲಿ. ಅದರ ಹಿಂದ ಗ್ವಾಡಿಗೆ ಹೊಂದಿ ಬಿದ್ದದಲ್ಲ, ಅದು ಅವ್ವನ ಒಳಕಲ್ಲು ಅಲ್ಲೇನೋ?"

ಅದು ನಮ್ಮ ತಾಯಿಯ ಒಳಕಲ್ಲೇ ಆಗಿತ್ತು. ಹಳೆಯ ಮನೆಯ ಭಾಗವು ದಾಯಾದಿಗಳಿಗೆ ಹೋದಾಗ ಹಿತ್ತಲಲ್ಲಿ ಉಳಿದದ್ದು, ನಾನೇ ಮರೆತುಬಿಟ್ಟಿದ್ದ ವಸ್ತು. ಅಕ್ಕನಿಗೆ ಈಗ ಎಂಬತ್ತೆರಡು ವರ್ಷ. ಲಗ್ನವಾಗಿ ಸೊಲ್ಲಾಪುರಕ್ಕೆ ಹೋದವಳು. ಮೊಣಕಾಲಿನ ಬೇನೆಯಿಂದ ಏಳು ವರ್ಷಗಳಿಂದ ತವರಿಗೆ ಬಂದಿಲ್ಲ, ಇನ್ನು ಬಂದಾಳೆಂಬ ಭರವಸೆಯನ್ನು ವೈದ್ಯರೂ ಕೊಡುವದಿಲ್ಲ. ಅಂದಿನಿಂದ ಅವಳು ಮಲ್ಲಿಯ ವಿಡಿಯೋಗಳನ್ನು ಮೊಮ್ಮಗಳ ಕೈಯಿಂದ ನಿಲ್ಲಿಸಿ ನಿಲ್ಲಿಸಿ ನೋಡತೊಡಗಿದಳು. ಆ ಮೂಲೆಯ ಬೇವಿನ ಗಿಡ ಏನಾಯಿತು? ಗೌಡರ ಮನೆಯ ಕಟ್ಟೆ ಯಾರು ಒಡೆದರು? ಬೆಕ್ಕು ಕೂತ ಕಲ್ಲಿನ ಮೇಲೆ ಹಂಸದ ಚಿತ್ರ ಇತ್ತಲ್ಲ, ಅದು ಇನ್ನೂ ಕಾಣ್ತದೇನು? ಹೀಗೆ ಅವಳ ಪ್ರಶ್ನೆಗಳು.

ನನಗೆ ಇದು ವಿಚಾರಕ್ಕೆ ಎಡೆಗೊಟ್ಟಿತು. ಊರಿಗೆ ಬಂದಾಗಲೆಲ್ಲ ನನ್ನ ಮಗನೂ ಚಿತ್ರ ತೆಗೆಯುವನು. ಆದರೆ ಪ್ರವಾಸಿಗರು ನಿಂತ ಸ್ಥಳದಲ್ಲೇ ನಿಂತು, ಅವರು ತೆಗೆದ ದುರ್ಗದ ಗುಡಿಯನ್ನೇ ತೆಗೆಯುವನು. ಹಿತ್ತಲನ್ನೂ ಕೊಟ್ಟಿಗೆಯನ್ನೂ ಎರಡು ಗೋಡೆಗಳ ನಡುವಿನ ಸಂದಿಯನ್ನೂ ಯಾರು ತೆಗೆದಾರು? ಅಲ್ಲಿಗೆ ಹೋಗುವದು ಬೆಕ್ಕೊಂದೇ. ನಮ್ಮೂರಿನ ವಿಶೇಷವೂ ಅಲ್ಲಿಯೇ ಇದೆ. ಇಲ್ಲಿ ನೂರಕ್ಕೂ ಮಿಕ್ಕಿ ಗುಡಿಗಳುಂಟು. ಅವುಗಳ ಹೆಸರನ್ನು ಕೇಳಿರಿ. ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ, ಹಳ್ಳಿಬಸಪ್ಪನ ಗುಡಿ. ಲಾಡಖಾನನೆಂಬುವನು ವಾಸವಾಗಿದ್ದುದರಿಂದ ಒಂದು ಶಿವಾಲಯಕ್ಕೆ ಅವನ ಹೆಸರೇ ನಿಂತುಹೋಯಿತು. ದೇವರು ತನ್ನ ಹೆಸರನ್ನು ಒಕ್ಕಲಿಗೆ ಬಿಟ್ಟುಕೊಟ್ಟ ಊರು ಇನ್ನೊಂದಿದ್ದರೆ ವಾಚಕರು ತಿಳಿಸಬೇಕು. ಮನೆಯೆಲ್ಲಿ ಮುಗಿಯಿತು, ಗುಡಿಯೆಲ್ಲಿ ಸುರುವಾಯಿತು ಎಂಬ ಭೇದ ನಮ್ಮ ಅಜ್ಜನ ಕಾಲದಲ್ಲಿ ಅಷ್ಟಾಗಿ ಇರಲಿಲ್ಲ. ಇಂದು ಬೇಲಿ ಬಂದಿದೆ, ಬರಬೇಕಾದದ್ದೇ. ಇಲ್ಲವಾದರೆ ಎಷ್ಟೋ ಶಿಲ್ಪಗಳು ಒಗೆಯುವ ಕಲ್ಲುಗಳಾಗುತ್ತಿದ್ದವು. ಆ ಹಳೆಯ ಅಭೇದವನ್ನು ಈಗ ಪಾಲಿಸುತ್ತಿರುವದು ಮಲ್ಲಿಯೊಂದೇ.

ಬೆಕ್ಕನ್ನು ಚಿತ್ರದಲ್ಲಿ ಹಿಡಿಯುವ ಹವ್ಯಾಸ ನನ್ನ ಮೊಮ್ಮಗನಿಂದ ಪ್ರಾರಂಭವಾದದ್ದಲ್ಲ. ೧೮೯೪ರಲ್ಲಿ, ಚಲಚ್ಚಿತ್ರವು ಇನ್ನೂ ಕಣ್ಣು ಬಿಡುತ್ತಿದ್ದಾಗಲೇ, ಅಮೇರಿಕೆಯಲ್ಲಿ ಎಡಿಸನ್ನನ ಚಿತ್ರಶಾಲೆಯವರು ಎರಡು ಬೆಕ್ಕುಗಳ ಮುಂಗಾಲಿಗೆ ಕೈಚೀಲ ತೊಡಿಸಿ ಮುಷ್ಟಿಯುದ್ಧ ಮಾಡಿಸಿ ತೆಗೆದರು. ಅದೇ ವರ್ಷ ಫ್ರಾನ್ಸಿನಲ್ಲಿ ಮರೇ ಎಂಬ ವಿಜ್ಞಾನಿಯು ಬೆಕ್ಕನ್ನು ಬೆನ್ನು ಕೆಳಗಾಗಿ ಬೀಳಬಿಟ್ಟು, ಅದು ಗಾಳಿಯಲ್ಲಿಯೇ ಹೊರಳಿ ಕಾಲೂರುವ ಬಗೆಯನ್ನು ಚಿತ್ರಚಿತ್ರವಾಗಿ ತೋರಿಸಿದನು. ಒಬ್ಬರಿಗೆ ವಿನೋದ ಬೇಕಾಗಿತ್ತು, ಇನ್ನೊಬ್ಬನಿಗೆ ಜ್ಞಾನ. ಬೆಕ್ಕಿನ ಇಚ್ಛೆಯನ್ನು ಇಬ್ಬರೂ ಕೇಳಲಿಲ್ಲ. ೨೦೦೫ರಲ್ಲಿ ಯೂಟ್ಯೂಬ್ ಬಂದ ಮೇಲಂತೂ ಬೆಕ್ಕುಗಳಿಗೆ ಲೋಕಮಾನ್ಯತೆ ದೊರೆಯಿತು. ಜಪಾನಿನ ಮಾರು ಎಂಬ ಬೆಕ್ಕು ರಟ್ಟಿನ ಪೆಟ್ಟಿಗೆಗಳಲ್ಲಿ ಜಿಗಿಯುವದನ್ನು ೨೦೦೮ರಿಂದ ಕೋಟ್ಯವಧಿ ಜನ ನೋಡಿದರು. ೨೦೧೨ರಲ್ಲಿ ಅಮೇರಿಕೆಯ ಮಿನಿಯಾಪೊಲಿಸ್ ನಗರದ ಕಲಾಮಂದಿರವೊಂದು ಬೆಕ್ಕಿನ ವಿಡಿಯೋಗಳ ಉತ್ಸವವನ್ನೇ ಏರ್ಪಡಿಸಿದಾಗ ಸುಮಾರು ಹತ್ತು ಸಾವಿರ ಜನ ನೆರೆದರಂತೆ. ನಮ್ಮಲ್ಲಿ ಬೆಕ್ಕಿಗೆ ಕಲ್ಲಿನಲ್ಲಿ ಕೀರ್ತಿ ಕೊಟ್ಟವರು ಮಾಮಲ್ಲಪುರದ ಪಲ್ಲವರು. ಹಿಂಗಾಲುಗಳ ಮೇಲೆ ನಿಂತು ತಪಸ್ಸು ಮಾಡುವ ಬೆಕ್ಕು, ಅದರ ಬುಡದಲ್ಲಿ ಇಲಿಗಳು! ನಮ್ಮ ರವಿಕೀರ್ತಿಯು ಕ್ರಿ. ಶ. ೬೩೪ರ ಶಾಸನದಲ್ಲಿ ಪಲ್ಲವರನ್ನು ಪುಲಿಕೇಶಿಯು ಕಂಚಿಯ ಕೋಟೆಯೊಳಗೆ ಅಡಗಿಸಿದನೆಂದು ಹೇಳಿಕೊಂಡಿರುವನಾದರೂ, ಬೆಕ್ಕಿನ ವಿಷಯದಲ್ಲಿ ಗೆಲುವು ಅವರದೇ.

ಮೊಮ್ಮಗನಿಗೂ ಲೋಕಮಾನ್ಯತೆಯ ಗಾಳಿ ಬೀಸಿತು. ಮಲ್ಲಿಯ ಹೆಸರಿನಲ್ಲಿ ಯೂಟ್ಯೂಬಿನಲ್ಲಿ ಚಾನೆಲ್ಲೊಂದನ್ನು ತೆರೆದನು. ಅಪರಿಚಿತರು ನೋಡಿದರು, ಇನ್ನೂ ದೊಡ್ಡ ಜಿಗಿತ ಬೇಕೆಂದು ಬರೆದರು. ಒಂದು ದಿನ ಅವನು ಓಣಿಯ ಆಚೆಯ ಮಾಳಿಗೆಯ ಅಂಚಿನಲ್ಲಿ ಹಾಲಿನ ಬಟ್ಟಲನ್ನಿಟ್ಟು, ಈಚೆಯ ಮಾಳಿಗೆಯ ಮೇಲೆ ಮಲ್ಲಿಯನ್ನು ಬಿಟ್ಟು, ಮೊಬೈಲು ಹಿಡಿದು ಕುಳಿತನು. ನಡುವೆ ಎಂಟು ಮೊಳದ ಓಣಿ, ಕೆಳಗೆ ಕಲ್ಲುಹಾಸು. ಬೇಡವೆಂದು ನಾನು ಕೂಗಿ ಏಣಿ ಹತ್ತುವಷ್ಟರಲ್ಲಿ ಮಲ್ಲಿಯು ಬಟ್ಟಲನ್ನು ನೋಡಿತು, ಓಣಿಯನ್ನು ನೋಡಿತು, ಮೊಮ್ಮಗನನ್ನೂ ನೋಡಿತು. ಅನಂತರ ಹಿಂದಿರುಗಿ ಮಾಳಿಗೆಯಿಂದಿಳಿದು, ಓಣಿಯನ್ನು ಸಾವಕಾಶವಾಗಿ ದಾಟಿ, ಆಚೆಯ ಮನೆಯ ಮೆಟ್ಟಿಲುಗಳನ್ನೇರಿ ಹಾಲು ಕುಡಿಯಿತು. ಆ ವಿಡಿಯೋವನ್ನು ಹೊರಗಿನವರು ಹೆಚ್ಚಾಗಿ ನೋಡಲಿಲ್ಲ. ಅಕ್ಕ ಮಾತ್ರ ಮೂರು ಸಲ ನೋಡಿದಳಂತೆ; ಓಣಿಯು ಈ ತುದಿಯಿಂದ ಆ ತುದಿಯವರೆಗೆ ಅವಳಿಗೆ ಪೂರ್ಣವಾಗಿ ಕಂಡದ್ದು ಅದರಲ್ಲಿಯೇ.

ಆ ರಾತ್ರಿ ನಾನು ಹುಡುಗನಿಗೆ ಖಂಡಿತವಾಗಿ ಹೇಳಿದೆನು: ಬೆಕ್ಕನ್ನು ಹಿಂಬಾಲಿಸು, ನಡೆಸಬೇಡ. ಅವನಿಗೆ ಕೋಪ ಬಂದಿತು. "ಅಜ್ಜಾ, ಸುಮ್ಮನ ನಡೆಯೂ ಬೆಕ್ಕನ್ನ ಯಾರು ನೋಡ್ತಾರ?" ಎಂದನು. ನೋಡುವವಳು ಒಬ್ಬಳಿದ್ದಾಳೆ ಎಂದೆನು. ಎರಡು ದಿನ ಮೊಬೈಲು ಮುಟ್ಟಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಮಲ್ಲಿಯ ಹಿಂದೆ ಮಾಳಿಗೆ ಹತ್ತಿದ್ದನು.

ನನ್ನ ಹಟಕ್ಕೆ ಇನ್ನೊಂದು ಕಾರಣವೂ ಉಂಟು. ಸ್ಮಾರಕಗಳ ಸುತ್ತಲಿನ ಮನೆಗಳನ್ನು ಬೇರೆಡೆಗೆ ಸಾಗಿಸಬೇಕೆಂಬ ಮಾತು ನಮ್ಮೂರಲ್ಲಿ ಬಹುಕಾಲದಿಂದ ನಡೆದಿದೆ. ಇಂದೋ ನಾಳೆಯೋ ಎಂದೋ ಆದೀತು. ಆಗ ಗುಡಿಗಳ ಒಂದೊಂದು ಕಂಬಕ್ಕೂ ದಾಖಲೆಯಿರುವದು. ಅವುಗಳಿಗೆ ತಗಲಿಕೊಂಡು ಬದುಕಿದ ಹಿತ್ತಲುಗಳಿಗೆ, ಗೂಡುಗಳಿಗೆ, ಒಳಕಲ್ಲಿಗೆ ಯಾವ ದಾಖಲೆ? ಮೊಮ್ಮಗನ ಮೊಬೈಲಿನಲ್ಲಿರುವ ಈ ಇನ್ನೂರು ಚಿಲ್ಲರೆ ತುಣುಕುಗಳೇ. ಅವುಗಳಲ್ಲಿ ಅರ್ಧಕ್ಕರ್ಧ ಬಾಲವೇ ಅಡ್ಡ ಬಂದಿರುವದು ಬೇರೆ ಮಾತು.

ಈಗ ಅಕ್ಕನಿಗೆ ಹೊಳೆಯನ್ನು ನೋಡಬೇಕಾಗಿದೆ. ೨೦೦೯ರಲ್ಲಿಯೂ ೨೦೧೯ರಲ್ಲಿಯೂ ಮಲಪ್ರಭೆಯು ಉಕ್ಕಿದ ಸುದ್ದಿಯನ್ನು ಸೊಲ್ಲಾಪುರದಲ್ಲಿ ಕುಳಿತು ಕೇಳಿದವಳು. ತಾನು ಅರಿವೆ ಒಗೆಯುತ್ತಿದ್ದ ಬಂಡೆ ಇದೆಯೋ ಇಲ್ಲವೋ ಎಂಬುದು ಅವಳ ಚಿಂತೆ. ನಾನೇ ಹೋಗಿ ತೆಗೆದು ಕಳಿಸುವೆನೆಂದೆ. ಒಲ್ಲೆನೆಂದಳು; ನನ್ನ ಕೈ ನಡುಗುವದಂತೆ, ಮೇಲಾಗಿ ನಾನು ಬಂಡೆಯನ್ನು ಬಿಟ್ಟು ಆಕಾಶವನ್ನು ತೆಗೆಯುವವನಂತೆ. ಮಲ್ಲಿಗಾದರೋ ನೀರೆಂದರೆ ಆಗದು, ಇಂದಿನವರೆಗೆ ಆ ದಿಕ್ಕಿಗೆ ಅದು ಮುಖ ಮಾಡಿಲ್ಲ. ಎತ್ತಿಕೊಂಡು ಹೋಗಿ ದಂಡೆಯ ಮೇಲೆ ಬಿಡಲೇ ಎಂದು ಮೊಮ್ಮಗನು ಫೋನಿನಲ್ಲಿ ಕೇಳಿದನು.

"ಬ್ಯಾಡೋ ಯಪ್ಪಾ," ಎಂದಳು ಅಕ್ಕ, "ಅದಕ್ಕ ತಿಳಿದಾಗ ಹೋಗಲಿ. ಮೀನು ಇರತಾವು ಅಂತ ಮಾತ್ರ ಒಂದೀಟು ಹೇಳಿ ನೋಡು."