ಎಸ್ಸೆನ್ ಊರಿನ ಆಟದ ಜಾತ್ರೆ

ನಲವತ್ತಾರು ವರ್ಷದ ಹೆಂಗಸು ಮನೆ-ಮಠ ಬಿಟ್ಟು, ಸಾವಿರಾರು ಮೈಲಿ ದೂರ ಹೋಗಿ, ಇಡೀ ದಿನ ಆಟ ಆಡಿಕೊಂಡು ಬಂದಳು ಎಂದರೆ ನೀವು ನಗುತ್ತೀರಿ. ನಮ್ಮವರೂ ನಕ್ಕರು. ಆದರೂ ಆ ದಿನದ ಸಂಗತಿಯನ್ನು ನಿಮ್ಮ ಹತ್ತಿರ ಹೇಳಿಕೊಳ್ಳಬೇಕು ಅನ್ನಿಸಿದೆ.

ಅಂದು 2024ರ ಅಕ್ಟೋಬರ್ 3, ನವರಾತ್ರಿಯ ಮೊದಲ ದಿನ. ಊರಿನಲ್ಲಿದ್ದಿದ್ದರೆ ಪಟ್ಟದ ಗೊಂಬೆ ಕೂರಿಸುವ ಗಡಿಬಿಡಿ. ನಾನಿದ್ದದ್ದು ಜರ್ಮನಿಯ ಡ್ಯೂಸೆಲ್‌ಡಾರ್ಫಿನಲ್ಲಿ, ತಂಗಿಯ ಮನೆಯಲ್ಲಿ. ಆ ದಿನ ಜರ್ಮನಿ ಒಂದಾದ ನೆನಪಿನ ಹಬ್ಬ, ಅವಳಿಗೂ ರಜ.

ನಾನು ಹೋಗಿ ವಾರವಾಗಿದ್ದರೂ "ಊಟ ಆಯ್ತಾ, ಚಳಿ ಆಗುತ್ತಾ" ಎನ್ನುವುದು ಬಿಟ್ಟರೆ ನಮ್ಮಿಬ್ಬರಲ್ಲಿ ಮಾತಿರಲಿಲ್ಲ. 2020ರ ಏಪ್ರಿಲ್‌ನಲ್ಲಿ ಅಮ್ಮ ತೀರಿಕೊಂಡಾಗ ಅವಳಿಗೆ ಬರಲಾಗಲಿಲ್ಲ. ಕೊರೊನಾ ಬಂದು ವಿಮಾನಗಳೆಲ್ಲ ನಿಂತಿದ್ದವು. ಅದು ಗೊತ್ತಿದ್ದೂ ನಾನು ಫೋನಿನಲ್ಲಿ, "ಮನಸ್ಸಿದ್ದರೆ ಮಾರ್ಗ ಇರುತ್ತಿತ್ತು ಬಿಡು" ಅಂದುಬಿಟ್ಟಿದ್ದೆ. ಆಮೇಲೆ ಎಷ್ಟೋ ಸಲ ಮಾತಾಡಿದೆವು. ಆದರೆ ಆ ಒಂದು ಮಾತು ಇಬ್ಬರ ನಡುವೆ ಕೂತೇ ಇತ್ತು.

"ಅಕ್ಕಾ, ಎಸ್ಸೆನ್‌ನಲ್ಲಿ ಆಟದ ಮೇಳ ಶುರುವಾಗಿದೆ, ಹೋಗೋಣ್ವಾ?" ಎಂದಳು. ಪುಳಿಯೋಗರೆ ಕಲಸಿ ಡಬ್ಬಿಗೆ ಹಾಕಿಕೊಂಡು ಹೊರಟೆವು. ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಎಸ್ಸೆನ್ ಒಂದು ಕಾಲಕ್ಕೆ ಕಲ್ಲಿದ್ದಲು, ಉಕ್ಕಿನ ಊರು. ನಮ್ಮ ಕೋಲಾರದ ಚಿನ್ನದ ಗಣಿಯ ಹಾಗೆ ಅಲ್ಲಿಯ ದೊಡ್ಡ ಗಣಿಯೂ 1986ರಲ್ಲಿ ಮುಚ್ಚಿತು. 1983ರಿಂದ ಈ ಊರಿನಲ್ಲಿ 'ಷ್ಪೀಲ್' ಎಂಬ ಮೇಳ ನಡೆದುಬಂದಿದೆ. ಷ್ಪೀಲ್ ಎಂದರೆ ಆಟ ಎಂದೇ ಅರ್ಥ. ಆ ವರ್ಷ ನಾಲ್ಕು ದಿನಕ್ಕೆ ಎರಡು ಲಕ್ಷಕ್ಕೂ ಮೀರಿ ಜನ ಬಂದಿದ್ದರಂತೆ.

ಒಳಗೆ ಹೋದರೆ ಕಣ್ಣು ಹಾಯಿಸಿದಷ್ಟೂ ಮೇಜುಗಳು. ಮೇಜಿನ ಮೇಲೆ ರಟ್ಟಿನ ಹಾಸು, ಮರದ ಕಾಯಿ, ದಾಳ, ಎಲೆಗಳು. ಅಜ್ಜ ಅಜ್ಜಿಯರು, ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡ ತಾಯಂದಿರು, ಎಲ್ಲರೂ ಆಟದಲ್ಲಿ ಮುಳುಗಿದ್ದರು. "ಇವರಿಗೇನು ಮನೆಯಲ್ಲಿ ಕೆಲಸ ಇಲ್ಲವೇನೇ?" ಎಂದೆ. "ನಿನಗೆ ಇವತ್ತು ಏನು ಕೆಲಸ ಇದೆ?" ಎಂದು ತಂಗಿ ಕೇಳಿದಳು. ಉತ್ತರ ತೋಚಲಿಲ್ಲ.

ಮೊದಲು ಆಡಿದ್ದು ನಮ್ಮ ಪಚೀಸಿಯ ವಂಶದ್ದೇ ಒಂದು ಆಟ. 1914ರಲ್ಲಿ ಷ್ಮಿಟ್ ಎಂಬಾತ ಮಾರಾಟಕ್ಕೆ ತಂದದ್ದು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಆಸ್ಪತ್ರೆಗಳಿಗೂ ಅದನ್ನು ಕಳಿಸಿದ್ದರಂತೆ. ಅದರ ಹೆಸರಿನ ಅರ್ಥ ಕೇಳಿ ನನಗೆ ನಗು ಬಂತು: 'ಸಿಟ್ಟಾಗಬೇಡ ಮಾರಾಯ!' ಚೌಕಾಬಾರದಲ್ಲಿ ಕಾಯಿ ಕಡಿದಾಗ ತಂಗಿ ಮಣೆಯನ್ನೇ ಮಗುಚಿ ಹಾಕಿ ಅಮ್ಮನ ಕೈಲಿ ಬೈಸಿಕೊಳ್ಳುತ್ತಿದ್ದಳು. ಈ ಸಲ ಕಡಿಸಿಕೊಂಡವಳು ನಾನೇ.

ಎರಡನೆಯದು 'ಪ್ಯಾಂಡೆಮಿಕ್'. 2008ರಲ್ಲಿ ಹೊರಬಂದ ಆಟ, ಕೊರೊನಾಕ್ಕಿಂತ ಎಷ್ಟೋ ಮುಂಚಿನದು. ಹಾಸಿನ ಮೇಲೆ ಇಡೀ ಪ್ರಪಂಚದ ನಕ್ಷೆ. ನಾಲ್ಕು ರೋಗಗಳು ಊರಿಂದ ಊರಿಗೆ ಹಬ್ಬುತ್ತವೆ. ಆಡುವವರು ಎದುರಾಳಿಗಳಲ್ಲ, ಜೊತೆಗಾರರು. ನಾಲ್ಕಕ್ಕೂ ಔಷಧಿ ಕಂಡುಹಿಡಿದರೆ ಎಲ್ಲರೂ ಗೆದ್ದಂತೆ, ಇಲ್ಲದಿದ್ದರೆ ಎಲ್ಲರೂ ಸೋತಂತೆ. ನಕ್ಷೆಯಲ್ಲಿ ನಮ್ಮ ಬೆಂಗಳೂರಿಲ್ಲ, ಚೆನ್ನೈ ಇದೆ. ಎಸ್ಸೆನ್ ಕೂಡ ಇದೆ.

ಆಡುತ್ತಾ ಆಡುತ್ತಾ ನನ್ನ ಕಾಯಿ ಚೆನ್ನೈಗೆ ಬಂತು, ಅವಳದು ಎಸ್ಸೆನ್‌ನಲ್ಲಿತ್ತು. ಚೆನ್ನೈ ಸುತ್ತ ರೋಗದ ಗುರುತುಗಳು ಗುಡ್ಡೆ ಬಿದ್ದವು. "ಬೇಗ ಬಾರೇ ಇಲ್ಲಿಗೆ" ಎಂದೆ.

"ವಿಮಾನ ಹತ್ತೋಕೆ ಸರಿಯಾದ ಎಲೆ ಬೇಕಲ್ಲಕ್ಕಾ. ನನ್ನ ಕೈಲಿಲ್ಲ. ಹೇಗೆ ಬರಲಿ?"

ಹೇಳಿದವಳು ತಲೆ ಎತ್ತಲಿಲ್ಲ. ಆಟ ಹೇಳಿಕೊಡುತ್ತಿದ್ದ ಹುಡುಗ, ಭಾಷೆ ತಿಳಿಯದೆ, ನಮ್ಮಿಬ್ಬರನ್ನೂ ನೋಡುತ್ತಾ ನಿಂತ. ನಾನು ಅವಳ ಕೈ ಹಿಡಿದುಕೊಂಡೆ. "ಗೊತ್ತು ಕಣೇ. ನಿನ್ನ ಕೈಲಿ ಇರಲಿಲ್ಲ. ನಾನು ಹಾಗೆ ಅನ್ನಬಾರದಿತ್ತು" ಎಂದೆ.

ಆಟ ಸೋತೆವು. ಹೊರಗೆ ಬೆಂಚಿನ ಮೇಲೆ ಕೂತು ಪುಳಿಯೋಗರೆ ತಿನ್ನುತ್ತಾ ಅಮ್ಮನ ಕೊನೆಯ ದಿನಗಳನ್ನು ಅವಳು ಒಂದೊಂದಾಗಿ ಕೇಳಿದಳು. ನಾನು ಹೇಳಿದೆ. ನಾಲ್ಕು ವರ್ಷದಿಂದ ಕೇಳಬೇಕೆಂದಿದ್ದಳಂತೆ.

ರಾತ್ರಿ ಅವಳ ಅಡಿಗೆಮನೆಯ ಹುಣಸೆಹಣ್ಣಿನಲ್ಲಿ ನಾಲ್ಕು ಬೀಜ ಹುಡುಕಿ, ಒಂದು ಮಗ್ಗುಲನ್ನು ಬಿಳಿ ಕಾಣುವ ತನಕ ಉಜ್ಜಿದೆ. ರಟ್ಟಿನ ಮೇಲೆ ಐದಕ್ಕೆ ಐದು ಮನೆ ಬರೆದು ಅವಳ ಮಗಳಿಗೆ ಚೌಕಾಬಾರ ಹೇಳಿಕೊಟ್ಟೆವು. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪು ಬಿದ್ದರೆ ಬಾರ, ಅಂದರೆ ಎಂಟು.

ನಿಮ್ಮ ಮನೆಯ ಅಟ್ಟದ ಮೇಲೂ ಒಂದು ಚೆನ್ನೆಮಣೆಯೋ ಕವಡೆಯ ಗಂಟೋ ಇರಬಹುದು. ಈ ದಸರೆಗೆ ಗೊಂಬೆ ಇಳಿಸುವಾಗ ಅದನ್ನೂ ಇಳಿಸಿ. ಯಾರ ಜೊತೆ ಮಾತು ನಿಂತಿದೆಯೋ ಅವರನ್ನೇ ಎದುರಿಗೆ ಕೂರಿಸಿಕೊಳ್ಳಿ. ಅಡಿಗೆ ಅರ್ಧ ಗಂಟೆ ತಡವಾದರೆ ಆಗಲಿ.