ಹಡಗಿನ ಔತಣಕ್ಕೆ ಪಂಚೆ

ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ನ್ಯೂಯಾರ್ಕಿಗೆ ಹೋಗುವ ‘ಕ್ವೀನ್ ಮೇರಿ 2’ ಹಡಗು 345 ಮೀಟರ್ ಉದ್ದ. ಏಳು ರಾತ್ರಿಯ ಪ್ರಯಾಣ. ಅದರಲ್ಲಿ ಎರಡು ರಾತ್ರಿ ಗಾಲಾ, ಅಂದರೆ ವಿಶೇಷ ಔತಣ. ಗಂಡಸರು ಕಪ್ಪು ಸೂಟು, ಹೆಂಗಸರು ಉದ್ದನೆಯ ಗೌನು ತೊಟ್ಟು ಊಟಕ್ಕೆ ಬರುತ್ತಾರೆ.

ಹೊರಡುವ ಮುಂಚೆ ನಮ್ಮ ಮನೆಯವರಿಗೆ ಇದೇ ಚಿಂತೆ. 70 ವರ್ಷದಲ್ಲಿ ಒಮ್ಮೆಯೂ ಸೂಟು ತೊಟ್ಟವರಲ್ಲ. “ಔತಣದ ದಿನ ಬಫೆಯಲ್ಲೇ ಉಂಡರಾಯಿತು” ಎಂದರು. ಮೊಮ್ಮಗಳು ನಿಯಮದ ಹಾಳೆ ಓದಿದಳು: “ಅಜ್ಜ, ನಮ್ಮ ದೇಶದ ಸಾಂಪ್ರದಾಯಿಕ ಉಡುಪೂ ಆಗುತ್ತಂತೆ!”

ಸರಿ, ಪೆಟ್ಟಿಗೆಗೆ ಜರಿಯಂಚಿನ ಪಂಚೆ, ಶಲ್ಯ, ನನ್ನ ಮೈಸೂರು ರೇಷ್ಮೆ ಸೀರೆ ಸೇರಿದವು. ಔತಣದ ರಾತ್ರಿ ಪಕ್ಕದ ಮೇಜಿಗೆ ಸ್ಕಾಟ್ಲೆಂಡಿನ ಅಜ್ಜರೊಬ್ಬರು ಚೌಕಳಿಯ ಕಿಲ್ಟ್ ಉಟ್ಟು ಬಂದರು. ಪಂಚೆ ಹೇಗೆ ನಿಲ್ಲುತ್ತದೆಂದು ಅವರಿಗೆ ಕುತೂಹಲ, ಕಿಲ್ಟ್ ಹೇಗೆ ನಿಲ್ಲುತ್ತದೆಂದು ಇವರಿಗೆ. ಮಾತಿನಲ್ಲಿ ಐಸ್‌ಕ್ರೀಮು ಕರಗಿಯೇ ಹೋಯಿತು!